ಅಕ್ಕೋರ ಗಾಂಧಾರ

ದೆವ್ವ, ಪವಾಡ, ಶಕುನ ಯಾವುದನ್ನೂ ನಾನು ನಂಬಿದವನಲ್ಲ. ನೆನಪನ್ನಂತೂ ಇನ್ನೂ ಕಡಿಮೆ. ಹತ್ತು ಸಲ ಹೇಳಿದ ಕತೆ ಹನ್ನೊಂದನೆಯ ಸಲಕ್ಕೆ ನುಣುಪಾಗಿರುತ್ತದೆ. ನುಣುಪಾದದ್ದನ್ನು ಕಂಡರೆ ನನಗೆ ಅನುಮಾನ. ಹಾಗಾಗಿ ಮರೆತದ್ದನ್ನು ಮರೆತಿದ್ದೇನೆ ಎಂದೇ ಬರೆಯುತ್ತೇನೆ.

ಸಾವಿರದ ಒಂಬೈನೂರ ಐವತ್ತೊಂಬತ್ತೋ ಅರವತ್ತೋ ಇರಬೇಕು. ಹುಬ್ಬಳ್ಳಿಯ ರೈಲ್ವೆ ವಸತಿಯಿಂದ ಊರು ಬಿಟ್ಟು ಹೊರಟ ಕುಟುಂಬವೊಂದರ ಹಳೆಯ ಪಿಯಾನೊ ಕೊಂಡು, ಚಕ್ಕಡಿಯಲ್ಲಿ ಧಾರವಾಡಕ್ಕೆ ತಂದು, ಬಾಡಿಗೆಯ ಕೋಣೆಯಲ್ಲಿ ಪಾಠ ಶುರು ಮಾಡಿದ್ದೆ. ‘ಎಲ್ಲ ವಯಸ್ಸಿನವರಿಗೂ’ ಎಂದು ಹಲಗೆ ಬರೆಸಿದ್ದೆ. ಏಳು ವರ್ಷದ ಹುಡುಗಿಯೊಬ್ಬಳು ಬಂದಳು, ಒಬ್ಬ ವಕೀಲರು ಬಂದರು, ಆಮೇಲೆ ಅಕ್ಕೋರು ಬಂದರು.

ಅಕ್ಕೋರು ಹಳ್ಳಿಯ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಅವರ ಮನೆತನದವರು ಆಗಷ್ಟೇ ಬೌದ್ಧ ದೀಕ್ಷೆ ಪಡೆದಿದ್ದರು. ಮೊದಲ ದಿನ ಪಿಯಾನೊದಿಂದ ಎರಡು ಮಾರು ದೂರ ನಿಂತು ಹೇಳಿದರು: “ಸಣ್ಣಾಕಿ ಇದ್ದಾಗ ಒಬ್ಬರ ಮನಿ ಕಟ್ಟಿ ಕೆಳಗ ನಿಂತು ಹಾರ್ಮೋನಿಯಂ ಪೇಟಿ ಕೇಳೀನ್ರಿ. ಮುಟ್ಟಾಕ ಬಿಡಲಿಲ್ಲ. ಇದನ್ನ ಮುಟ್ಟಬಹುದೇನ್ರಿ?”

ನಮ್ಮೂರಿನಲ್ಲಿ ಪ್ರತಿಯೊಬ್ಬರಿಗೂ ಅವರವರ ಷಡ್ಜ, ಅಂದರೆ ಅವರವರ ಕಂಠಕ್ಕೆ ಒಪ್ಪುವ ಸಾ. ಅಕ್ಕೋರು ಗುನುಗಿ ತಮ್ಮ ಸಾ ಹುಡುಕಿಕೊಂಡರು, ನಾನು ಅಲ್ಲಿಂದಲೇ ಬೆರಳು ಕೂಡಿಸಿದೆ. ಪಿಯಾನೊ ಕಲಿಸುವ ಕ್ರಮ ಅದಲ್ಲ. ಎರಡು ವರ್ಷ ಅವರು ಭೂಪ ರಾಗವೊಂದನ್ನೇ ಹಿಡಿದು ಕೂತರು.

ಮನೆಯ ಮಾಲಕರು ಓಣಿಗೆಲ್ಲ ಕಾಕಾ. “ಈ ವಯಸ್ಸಿನ್ಯಾಗ ಅಕ್ಕೋರಿಗೆ ಬಂತಂದ್ರ ನಮ್ಮ ಎಮ್ಮಿಗೂ ಕಲಸ್ರಿ ಮಾಸ್ತರ” ಎಂದು ಒಂದು ದಿನ ಬಾಗಿಲಲ್ಲೇ ನಿಂತು ನಕ್ಕರು.

ಅಕ್ಕೋರು ತಿರುಗಿಯೂ ನೋಡಲಿಲ್ಲ. “ಮೊದಲ ಅದನ್ನ ಸಾಲಿಗೆ ಕಳಸ್ರಿ ಕಾಕಾ, ಅಕ್ಷರ ನಾ ಕಲಸ್ತೇನಿ. ಬರೂ ಐತವಾರ ಸಂಜಿಕೆ ನಾ ನುಡಸ್ತೇನಿ, ನೀವೂ ಬಂದು ಕೂಡ್ರಿ.”

ಕಾಕಾ ಒಬ್ಬರೇ ಬರುವವರಲ್ಲ. ಓಣಿಯ ಹಿರಿಯ ಗಾಯಕರೊಬ್ಬರನ್ನು ಕರೆದುಕೊಂಡು ಬರುವುದಾಗಿ ಸಾರಿಬಿಟ್ಟರು.

ಆ ಭಾನುವಾರ ಮಧ್ಯಾಹ್ನ ಅಕ್ಕೋರ ಗಾಂಧಾರದ, ಅಂದರೆ ಗ ಸ್ವರದ, ತಂತಿಗೆ ಬಡಿಯುವ ಮರದ ಸುತ್ತಿಗೆ ಮುರಿಯಿತು. ತುಂಡುಗಳನ್ನು ನಾನೇ ಹೊರತೆಗೆದೆ. ಇದು ಖಚಿತ. ಬೆರಳಿಡುವ ಪಟ್ಟಿ ಒತ್ತಿದರೆ ‘ಟಕ್’ ಎಂಬ ಮರದ ಸಪ್ಪಳ, ಅಷ್ಟೆ. ಭೂಪಕ್ಕೆ ಗಾಂಧಾರವೇ ಜೀವ. ಸಾ ಬದಲಿಸೋಣ, ಗಾಂಧಾರವೂ ಬೇರೆ ಪಟ್ಟಿಗೆ ಹೋಗುತ್ತದೆ ಎಂದೆ.

“ಎರಡು ವರ್ಷ ಈ ಬೆರಳಿಗೆ ದಾರಿ ತೋರಿಸೇನ್ರಿ. ಈಗ ಊರ ಬದಲಿ ಮಾಡಿದ್ರ ಎಲ್ಲಿಗೆ ಹೋಗಬೇಕವು?”

“ಹಂಗಾದ್ರ ಮುಂದಕ ಹಾಕೂಣ್ರಿ.”

“ಐವತ್ತು ವರ್ಷ ಮುಂದಕ ಹಾಕೀನಿ” ಎಂದು ಅವರು ಕೂತೇಬಿಟ್ಟರು.

ಸಂಜೆ ದೀಪ ಹಚ್ಚಿದ್ದೆವೋ ಇಲ್ಲವೋ ನೆನಪಿಲ್ಲ. ಕಾಕಾ, ಗಾಯಕರು, ವಕೀಲರು, ನಾನು ಇದ್ದೆವು. ಸಾ ಬಂತು, ರಿ ಬಂತು. ಅಕ್ಕೋರ ಬೆರಳು ಸತ್ತ ಪಟ್ಟಿಯ ಮೇಲೆ ಇಳಿಯಿತು. ನಾನು ನೆಲ ನೋಡಿದೆ.

ಗಾಂಧಾರ ನುಡಿಯಿತು.

ಜೋರಾಗಿ ಅಲ್ಲ, ಆದರೆ ಕೋಣೆ ತುಂಬುವಷ್ಟು. ಅಷ್ಟೇ ಅಲ್ಲ, ಪಿಯಾನೊದ ಗಾಂಧಾರ ನಮ್ಮ ಕಿವಿಗೆ ಕೂದಲೆಳೆಯಷ್ಟು ಏರಿಯೇ ಕೇಳುತ್ತದೆ, ಅದರ ಶ್ರುತಿಯೇ ಹಾಗೆ. ಇದು ಏರಿರಲಿಲ್ಲ. ತಂಬೂರಿಯೊಳಗಿಂದ ಬಂದಂತೆ ನೆಟ್ಟಗೆ ಕೂತಿತ್ತು. ಅಕ್ಕೋರು ಬೆನ್ನು ನೆಟ್ಟಗೆ ಮಾಡಿ ನುಡಿಸುತ್ತಲೇ ಹೋದರು. ಪ್ರತಿ ಸಲವೂ ಬಂತು. ಅವರು ಹೆದರಲಿಲ್ಲ, ಬೆರಗಾಗಲಿಲ್ಲ, ಒಮ್ಮೆಯೂ ತಡವರಿಸಲಿಲ್ಲ. ಬೇಕಾದದ್ದು ಕೊನೆಗೂ ಕೈಗೆ ಸಿಕ್ಕವರ ಹಾಗೆ ನುಡಿಸಿದರು. ಕಾಕಾ ಬೆರಳಲ್ಲಿ ಹಿಡಿದ ನಶ್ಯ ಮೂಗಿಗೇರಿಸುವುದನ್ನೇ ಮರೆತಿದ್ದರು.

ಅಕ್ಕೋರು ಎದ್ದ ಮೇಲೆ ನಾನು ಅದೇ ಪಟ್ಟಿ ಒತ್ತಿದೆ. ಟಕ್.

ಭೌತಶಾಸ್ತ್ರ ಕಲಿಸುವ ಗೆಳೆಯನೊಬ್ಬ ಹೇಳುತ್ತಾನೆ: ಸಾ ನುಡಿದಾಗ ಅದರೊಳಗೇ ಒಂದು ಗಾಂಧಾರ ತಾನಾಗಿ ಹುಟ್ಟುತ್ತದೆ, ಅದನ್ನು ಕೇಳಿದ್ದೀರಿ. ಇರಬಹುದು. ಆದರೆ ಅದು ಕಿವಿಯಿಟ್ಟು ಹುಡುಕಬೇಕಾದ ಸ್ವರ. ಇದು ಹಾಗಿರಲಿಲ್ಲ. ನಾವು ಬಯಸಿದ್ದನ್ನು ನಮ್ಮ ಕಿವಿ ತುಂಬಿಕೊಂಡಿತು ಎಂದು ನಾನೇ ಎಷ್ಟೋ ಸಲ ವಾದಿಸಿದ್ದೇನೆ. ಆದರೆ ಕಾಕಾ ನಗಬೇಕೆಂದೇ ಬಯಸಿ ಬಂದಿದ್ದರು, ಅವರಿಗೂ ಅದು ಕೇಳಿಸಿತ್ತು.

ಆ ಸಂಜೆಯ ಬಗ್ಗೆ ನಮ್ಮ ನೆನಪುಗಳು ಒಂದಕ್ಕೊಂದು ಹೊಂದುವುದಿಲ್ಲ. ಅಕ್ಕೋರು ಹತ್ತು ನಿಮಿಷ ನುಡಿಸಿದರು ಎಂದು ನಾನು, ಅರ್ಧ ತಾಸು ಎಂದು ವಕೀಲರು. ಒಂದನ್ನು ಮಾತ್ರ ಎಲ್ಲರೂ ಒಂದೇ ರೀತಿ ಹೇಳುತ್ತೇವೆ. ಗಾಯಕರು ಎದ್ದು ಬಂದು, ನಮ್ಮೂರಿನಲ್ಲಿ ಸಂಗೀತಗಾರರು ಸಂಗೀತಗಾರರನ್ನಷ್ಟೇ ಕೇಳುವ ಪ್ರಶ್ನೆಯನ್ನು ಅಕ್ಕೋರಿಗೆ ಕೇಳಿದರು:

“ಯಾರ ಕಡೆ ಕಲ್ತೀರಿ ಅಕ್ಕೋರ, ಈ ಗಾಂಧಾರ?”

ಅಕ್ಕೋರು ತಲೆಯೆತ್ತಿ ನನ್ನನ್ನು ತೋರಿಸಿದರು. “ಇವರ ಕಡೇರಿ.”

ನಾನು ಕಲಿಸಿದ್ದು ಅದಲ್ಲ. ಆ ಸ್ವರ ನನಗೆ ಆಗಲೂ ಬರುತ್ತಿರಲಿಲ್ಲ, ಈಗಲೂ ಬಂದಿಲ್ಲ.