ಗರ್ಭಗುಡಿಗೆ ಹರಳೆಣ್ಣೆ

ಹರಳೆಣ್ಣೆಯ ವಾಸನೆ ಮೂಗಿಗೆ ಬಡಿದರೆ ಸಾಕು, ಇಂದಿಗೂ ವೆಂಕಟಮ್ಮತ್ತೆ ನನ್ನ ಬೆನ್ನ ಹಿಂದೆ ಬಂದು ನಿಂತಂತಾಗುತ್ತದೆ. ನಿಮಗೂ ಇಂಥದೊಂದು ವಾಸನೆ ಇದ್ದೀತು. ಮೊನ್ನೆ ಮೊಮ್ಮಗಳ ನೆತ್ತಿಗೆ ಎಣ್ಣೆ ಒತ್ತುವಾಗಲೂ ತಿರುಗಿ ನೋಡಿದೆ, ಯಾರೂ ಇರಲಿಲ್ಲ. ಅತ್ತೆಯೆಂದರೆ ಟೇಕಲ್ಲಿನ ನನ್ನ ಸೋದರಮಾವನ ಹೆಂಡತಿ, ಮುಳಬಾಗಿಲಿನ ಆಚೆ, ಆಂಧ್ರದ ಗಡಿಯಿಂದ ಬಂದವಳು. ಬೇಸಿಗೆ ರಜೆಯೆಲ್ಲ ನಾನು ಆ ಮನೆಯಲ್ಲೇ ಬಿದ್ದಿರುತ್ತಿದ್ದೆ. ಹಜಾರದಲ್ಲಿ ರೇಷ್ಮೆಹುಳು ಸೊಪ್ಪು ಮೇಯುವ ಸರಸರ ಸದ್ದು. ಹುಳುವಿಗೆ ಹೊಗೆ ತಾಗದಷ್ಟು ದೂರ, ಹಿತ್ತಲಲ್ಲಿ ಹರಳು ಹುರಿದು, ಕುಟ್ಟಿ, ಕುದಿಸಿ ಎಣ್ಣೆ ತೆಗೆಯುವ ಅತ್ತೆ. ತನ್ನ ಒಂದೇ ಒಂದು ಕೂಸಿನ ನೆತ್ತಿಗೆಂದು ಕಲಿತ ಕೆಲಸ ಅದು. ಕೂಸು ಮೂರನೇ ದಿನಕ್ಕೇ ಹೋಯಿತು. ಎಣ್ಣೆ ತೆಗೆಯುವುದು ನಿಲ್ಲಲಿಲ್ಲ.

ದಿನಾ ಸಂಜೆ ಆ ಎಣ್ಣೆಯನ್ನು ಊರ ಗುಡಿಗೆ ಒಯ್ಯುತ್ತಿದ್ದಳು. ಗರ್ಭಗುಡಿಗೆ ಕಿಟಕಿಯಿಲ್ಲ, ಒಳಗಿದ್ದದ್ದು ಒಂದೇ ದೀಪ. "ಇದಿ ಕಡುಪು ಕಣೇ," ಎನ್ನುತ್ತಿದ್ದಳು. ಕಡುಪೆಂದರೆ ತೆಲುಗಿನಲ್ಲಿ ಹೊಟ್ಟೆ. "ಹೆಸರಲ್ಲೇ ಗರ್ಭ ಐತಲ್ಲ? ಕತ್ಲಾಗಿ ಬೆಚ್ಚಗೈತೆ ನೋಡು. ನನ್ ಕೂಸು ಎಲ್ಲೂ ಹೋಗಿಲ್ಲ, ವಾಪಸ್ ಒಳಕ್ಕೋಗಿ ಮಲಗೈತೆ." ದೀಪ ಅಲ್ಲಾಡಿದರೆ "ಒದೀತಾ ಐತೆ" ಎಂದು ನಗುತ್ತಿದ್ದಳು. ನನಗೆ ಮೈ ಜುಮ್ಮೆನ್ನುತ್ತಿತ್ತು. ಆದರೂ ನಂಬಿದ್ದೆ.

ಒಂದು ಮಧ್ಯಾಹ್ನ ಅರ್ಚಕರು ತಮ್ಮ ನೆಂಟರಿಗೆ ಗುಡಿಯ ಅರ್ಥ ಬಿಡಿಸಿ ಹೇಳುತ್ತಿದ್ದದ್ದು ಕಿವಿಗೆ ಬಿತ್ತು. ಗುಡಿಯೆಂದರೆ ಅಂಗಾತ ಮಲಗಿದ ಪುರುಷ. ಬಾಗಿಲ ಗೋಪುರ ಅವನ ಪಾದ, ನಡುವಿನ ಮಂಟಪ ಹೊಟ್ಟೆ, ಗರ್ಭಗುಡಿ ತಲೆ. ಹತ್ತು ವರ್ಷದ ಮಹಾಪಂಡಿತೆ ನಾನು, ಹಿತ್ತಲಿಗೆ ಓಡಿದೆ.

"ಅತ್ತೇ, ಅದು ಹೊಟ್ಟೆ ಅಲ್ವಂತೆ! ತಲೆ ಅಂತೆ! ಐನೋರೇ ಹೇಳಿದ್ರು!"

ಎಲುಬಿಲ್ಲದ ನಾಲಿಗೆ ನೋಡಿ! ಅತ್ತೆ ಒನಕೆ ಹಿಡಿದುಕೊಂಡೇ ನಿಂತಳು. "ತಲೇನಾ?" ಎಂದಳು. ಒನಕೆಯನ್ನು ಗೋಡೆಗೆ ಒರಗಿಸಿ, "ಅಂಗಾದ್ರೆ ನನ್ ಕೂಸು ಎಲ್ಲೈತೆ?" ಎಂದಳು. ಬೈದು ಎರಡೇಟು ಬಿಗಿದಿದ್ದರೂ ಚೆನ್ನಾಗಿತ್ತು. ಮರುದಿನದಿಂದ ಎಣ್ಣೆಯನ್ನು ನನ್ನ ಕೈಲಿ ಕಳಿಸತೊಡಗಿದಳು. ಸಾಯುವವರೆಗೂ ತಾನು ಮಾತ್ರ ಗುಡಿಯ ಕಡೆ ಹೋಗಲಿಲ್ಲ.

ಈಗ ಆ ಮನೆ ಇದ್ದ ಜಾಗದಲ್ಲಿ ತಗಡಿನ ಗೋದಾಮು. ಮೊಮ್ಮಗಳಿಗೆ ಒತ್ತಿ ಉಳಿದ ಎಣ್ಣೆ ಹಿಡಿದು ನಾನು ನಿನ್ನೆ ಗುಡಿಗೆ ಹೋದೆ. ಗರ್ಭಗುಡಿಗೆ ಟೈಲ್ಸ್ ಹಾಕಿ ಟ್ಯೂಬ್‌ಲೈಟ್ ಕಟ್ಟಿದ್ದಾರೆ; ಒಂದು ಮೂಲೆಯಲ್ಲೂ ಕತ್ತಲಿಲ್ಲ. ತಂದ ಎಣ್ಣೆಯನ್ನು ಹೊಸ್ತಿಲ ಮೇಲಿಟ್ಟೆ. ಹೊಸ ಅರ್ಚಕರು ದೀಪಕ್ಕೆ ಎಣ್ಣೆ ಎರೆದು ಹಚ್ಚಿದರು.

"ಸ್ವಾಮಿ, ಒಂದೇ ಒಂದ್ನಿಮಿಷ ಲೈಟ್ ಆರಿಸ್ತೀರಾ?"

ನನ್ನ ಮುಖ ನೋಡಿದರು. ಏನನ್ನಿಸಿತೋ, ಆರಿಸಿದರು. ಕತ್ತಲೆ ಮತ್ತೆ ಬಂದು ಕೂತಿತು. ಬೆನ್ನ ಹಿಂದೆ ಅದೇ ವಾಸನೆ. ಈ ಸಲ ನಾನು ತಿರುಗಿ ನೋಡಲಿಲ್ಲ. ಒಳಗೆ ದೀಪ ಮೆಲ್ಲಗೆ ಅಲ್ಲಾಡಿತು.

"ಕಡುಪೇ ಅತ್ತೆ," ಎಂದೆ. "ಒದೀತಾ ಐತೆ."