ಶಾಯಿ ಮುಗಿದ ಮೇಲಿನ ಚೌಕಗಳು

ಸುಮಿತ್ರಾ ಮೇಡಂ, ಆ ಚಿತ್ರದ ಕೊನೆಯ ಗೆರೆಗಳಿಗೆ ಶಾಯಿ ತುಂಬಿದವನು ನಾನು. ನಿಮ್ಮ ನೆನಪು ಸರಿಯಾಗಿಯೇ ಇತ್ತು. ಸುಳ್ಳಾದದ್ದು ನನ್ನ ಬಾಯಿ.

ನನ್ನನ್ನು ನೀವು ಒಂದೇ ಸಲ ನೋಡಿದ್ದೀರಿ. ಮೂರು ವರ್ಷದ ಹಿಂದೆ, ಸಂಜಯನಗರದಲ್ಲಿ ಶ್ರೀಧರ್ ಸಾರ್ ಮನೆಯ ಗೋಡೆಗೆ ಮೊಳೆ ಹೊಡೆಯುತ್ತಿದ್ದ ಫ್ರೇಮ್ ಅಂಗಡಿಯ ನಯಾಜ್. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಫ್ರೇಮಿನ ಕೆಲಸಕ್ಕೆ ಬರುವ ಮೊದಲು ಆರ್.ಟಿ. ನಗರದಲ್ಲಿ ಬೋರ್ಡು, ನಂಬರ್ ಪ್ಲೇಟು ಬರೆಯುತ್ತಿದ್ದೆ. ನನ್ನ ಗೆರೆಗೆ ಸ್ಕೇಲು ಬೇಕಿರಲಿಲ್ಲ. ಹೆಬ್ಬಾಳದಿಂದ ಗಾಡಿ ತಂದು ಸರದಿಯಲ್ಲಿ ನಿಲ್ಲಿಸುತ್ತಿದ್ದರು. ಆಮೇಲೆ ಸ್ಟಿಕರ್ ಕತ್ತರಿಸುವ ಮಷೀನು ಬಂತು. ನಾನು ಅರ್ಧ ದಿನ ಕೂತು ಬರೆಯುತ್ತಿದ್ದುದನ್ನು ಅದು ಒಂದು ಟೀ ಕುಡಿಯುವಷ್ಟರಲ್ಲಿ ಕತ್ತರಿಸಿ ಎಸೆಯಿತು. ಬ್ರಷ್ಷು ಕಟ್ಟಿಟ್ಟೆ. ಆ ಸಿಟ್ಟು ಮಾತ್ರ — ಅದನ್ನು ಎಲ್ಲಿ ಇಡಬೇಕೋ ಗೊತ್ತಾಗಲಿಲ್ಲ.

ಶ್ರೀಧರ್ ಸಾರ್ ಕೂಡಿಡುತ್ತಿದ್ದುದು ಅಂಥ ಮಷೀನುಗಳ ಅಜ್ಜಂದಿರು ಬರೆದ ಚಿತ್ರಗಳನ್ನು. ಕಂಪ್ಯೂಟರು ಹೇಳಿದ ಹಾಗೆ ಪೆನ್ನು ಹಿಡಿದು ಕಾಗದದ ಮೇಲೆ ಓಡಾಡುವ ಯಂತ್ರಕ್ಕೆ ಪ್ಲಾಟರ್ ಎನ್ನುತ್ತಾರೆಂದು ನನಗೆ ಹೇಳಿಕೊಟ್ಟವರೇ ಅವರು. ಯಶವಂತಪುರದ ಗುಜರಿಯಲ್ಲಿ ಸಿಕ್ಕಿದ ಒಂದು ಸುರುಳಿ ತಂದು ನನ್ನ ಕೈಗಿಟ್ಟರು. ಹಳೇ ಕಾಗದ, ಬಿಚ್ಚಿದರೆ ಹರಿಯುತ್ತದೆಂದು ತಾವೂ ಪೂರ್ತಿ ಬಿಚ್ಚಿ ನೋಡಿರಲಿಲ್ಲ. ನೀನೇ ಹುಷಾರಾಗಿ ಬಿಡಿಸು ಎಂದರು.

ನಿಮ್ಮ ಹಾಳೆ ಅದರೊಳಗಿತ್ತು. ಮೂಲೆಯಲ್ಲಿ ಪೆನ್ಸಿಲಿನಲ್ಲಿ ನಿಮ್ಮ ಹೆಸರು. ಚೌಕದೊಳಗೆ ಚೌಕ, ಪ್ರತಿಯೊಂದೂ ಕೂದಲೆಳೆಯಷ್ಟು ತಿರುಗುತ್ತ ನಡುವಿಗೆ ಇಳಿಯುತ್ತಿದ್ದವು. ನಡುವಿನ ಹತ್ತಿರ ಗೆರೆ ತೆಳ್ಳಗಾಗಿ, ಚುಕ್ಕಿಯಾಗಿ, ಆಮೇಲೆ ಏನೂ ಇಲ್ಲ. ಬರೀ ಬಿಳಿ. ದೀಪವನ್ನು ಓರೆ ಹಿಡಿದಾಗ ಕಂಡಿತು — ಒಣಗಿದ ಪೆನ್ನಿನ ತುದಿ ಕಾಗದ ಒತ್ತುತ್ತ ಒಳಗಿನ ಚೌಕಗಳನ್ನೂ ಬರೆದು ಮುಗಿಸಿತ್ತು. ಶಾಯಿಯಿಲ್ಲದ ಬರೀ ಒತ್ತು.

ನಮ್ಮ ಕಸುಬಿನಲ್ಲಿ ಇದಕ್ಕೆ ಯಾರೂ ಗಿರಾಕಿಯನ್ನು ಕೇಳುವುದಿಲ್ಲ. ದೇವರ ಪಟದಲ್ಲಿ ಬಣ್ಣ ಹೋಗಿದ್ದರೆ ತುಂಬುತ್ತೇವೆ, ಮದುವೆ ಫೋಟೋದ ಗೀರು ಮುಚ್ಚುತ್ತೇವೆ. ಆದರೆ ಅಂದು ನಾನು ಕೂತದ್ದು ರಿಪೇರಿಗಲ್ಲ. ಮಷೀನು ಸೋತ ಜಾಗ ಸಿಕ್ಕಿತ್ತು ನನಗೆ. ಸಣ್ಣ ಮೊನೆಯ ಪೆನ್ನು ತಂದು, ಉಸಿರು ಹಿಡಿದು, ಒತ್ತಿನ ಮೇಲೇ ಒಂದೊಂದೇ ಗೆರೆ ಎಳೆದೆ. ಮುಗಿದಾಗ ಯಂತ್ರದ್ದು ಯಾವುದು, ನನ್ನದು ಯಾವುದು — ನನಗೇ ತಿಳಿಯಲಿಲ್ಲ. ಅಷ್ಟು ಸಂತೋಷ ಅದಕ್ಕೂ ಮೊದಲು ಎಂದೂ ಆಗಿರಲಿಲ್ಲ.

ಶ್ರೀಧರ್ ಸಾರ್ ಮೂಲೆಯ ಹೆಸರು ಹಿಡಿದು ಹುಡುಕಿ, ಯಲಹಂಕದಲ್ಲಿದ್ದ ನಿಮ್ಮನ್ನು ಮನೆಗೆ ಕರೆಸಿದರು. ನೀವು ಮಗಳ ಜೊತೆ ಬಂದಿರಿ. ಆಗ ನಿಮಗೆ ಮರೆವಿನ ತಪಾಸಣೆ ನಡೆಯುತ್ತಿತ್ತು. ಒಬ್ಬರೇ ಇರಬಹುದೋ ಬೇಡವೋ ಎಂದು ಮನೆಯಲ್ಲಿ ಮಾತಾಗುತ್ತಿತ್ತು. ಅದನ್ನು ನೀವೇ ಶ್ರೀಧರ್ ಸಾರಿಗೆ ನಗುನಗುತ್ತ ಹೇಳಿದಿರಿ. ಕಂಪ್ಯೂಟರಿಗೆ ಲೆಕ್ಕ ಕೊಟ್ಟು ಈ ಚಿತ್ರ ಬರೆಸಿದ ಸಂಜೆ ಗೆರೆಗೆರೆಯೂ ನೆನಪಿದೆ, ಮಗಳಿಗೂ ಅದು ಗೊತ್ತಾಗಲಿ ಎಂದೇ ಕರೆತಂದೆ ಎಂದಿರಿ. ಆಮೇಲೆ ಗೋಡೆಯ ಹತ್ತಿರ ಹೋಗಿ ಕನ್ನಡಕ ಸರಿಮಾಡಿಕೊಂಡಿರಿ.

"ಇದು ನಂದಲ್ಲ ಸಾರ್. ನಂದ್ರಲ್ಲಿ ನಡುವೆ ಇಂಕ್ ಮುಗ್ದಿತ್ತು. ಅದು ಖಾಲಿ ಪೆನ್ನಲ್ಲೇ ಬರೀತಾ ಹೋಯ್ತು, ನಾನೂ ನಿಲ್ಲಿಸ್ಲಿಲ್ಲ. ಅದಕ್ಕೇ ಇಟ್ಕೊಂಡಿದ್ದೆ."

"ಹೆಸರು ನಿಮ್ದೇ ಇದೆಯಲ್ಲ ಮೇಡಂ," ಎಂದರು ಶ್ರೀಧರ್ ಸಾರ್. ಮತ್ತೆ ನನ್ನ ಕಡೆ ತಿರುಗಿ, "ನಯಾಜ್, ನೀನೇನಾದ್ರೂ ಮುಟ್ಟಿದ್ಯಾ ಇದನ್ನ?"

ಸುತ್ತಿಗೆ ಕೈಯಲ್ಲೇ ಇತ್ತು. ಒಂದು ಮಾತು ಸಾಕಿತ್ತು. ಆದರೆ ಹೌದು ಎಂದರೆ ನಾನು ಹಾಳೆ ಕೆಡಿಸಿದ ಅನಾಡಿ ಎನಿಸಿಕೊಳ್ಳುತ್ತಿದ್ದೆ — ಅಷ್ಟೇ.

"ಇಲ್ಲ ಸಾರ್. ಬಂದ ಹಾಗೇ ಹಾಕಿದ್ದು."

"ಅಮ್ಮ, ಬೆಳಿಗ್ಗೆ ಮಾತ್ರೆ ತಗೊಂಡಿದ್ದೇ ನೆನಪಿರಲ್ಲ ನಿಂಗೆ," ಎಂದರು ನಿಮ್ಮ ಮಗಳು. ಕೆಟ್ಟ ಮನಸ್ಸಿನಿಂದಲ್ಲ, ನಿಮ್ಮ ಭುಜದ ಮೇಲೆ ಕೈಯಿಟ್ಟು.

ನೀವು ಗಾಜಿನ ಮೇಲೆ, ನಡುವಿನ ಚೌಕಗಳಿದ್ದ ಜಾಗದಲ್ಲಿ ಬೆರಳಿಟ್ಟಿರಿ. "ಹಾಗಾದ್ರೆ ನಾನೇ ಮರ್ತಿರ್ಬೇಕು," ಎಂದಿರಿ. ಆ ದನಿ — ಬೇಡ, ಅದನ್ನು ಬರೆಯುವ ಯೋಗ್ಯತೆ ನನಗಿಲ್ಲ.

ಆ ತಿಂಗಳೇ ನೀವು ಮನೆಯ ಬೀಗದ ಕೈ ಮಗಳಿಗೆ ಕೊಟ್ಟು, ಬಾಗಲೂರಿನ ಕಡೆಯ ಆರೈಕೆ ಮನೆಗೆ ಹೋದಿರಂತೆ. ಯಾರೂ ಬಲವಂತ ಮಾಡಲಿಲ್ಲ, ನೀವೇ ವಾದ ನಿಲ್ಲಿಸಿದಿರಿ ಎಂದು ಶ್ರೀಧರ್ ಸಾರ್ ಹೇಳಿದರು. ಈಗ ಯಾರು ಏನು ಹೇಳಿದರೂ, ನಿಮ್ಮ ಹೆಸರು ಹೇಳಿದರೂ ಸಹ, ಎದುರಿಗಿದ್ದವರನ್ನು ಕೇಳುತ್ತೀರಂತೆ: "ಇದು ನಿಜ ತಾನೆ?" ಕಾಯಿಲೆ ಹೇಗೂ ಬರುತ್ತಿತ್ತು ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡೆ. ಬರುತ್ತಿತ್ತೇನೋ. ಆದರೆ ಅಂದು ನಿಮ್ಮ ಕೈಲಿ ಗಟ್ಟಿಯಾಗಿ ಉಳಿದಿದ್ದ ಒಂದು ಸಂಜೆಯನ್ನು ಕಿತ್ತುಕೊಂಡದ್ದು ಕಾಯಿಲೆಯಲ್ಲ.

ನಿನ್ನೆ ಶ್ರೀಧರ್ ಸಾರಿಗೆ ಎಲ್ಲ ಹೇಳಿದೆ. ಅವರು ಕೂಗಾಡಲಿಲ್ಲ. ಚಿತ್ರವನ್ನು ಗೋಡೆಯಿಂದ ಇಳಿಸಿ ನನ್ನ ಕೈಗೆ ಕೊಟ್ಟು, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಗಾಜು ಬಿಚ್ಚಿದ್ದೇನೆ. ನನ್ನ ಶಾಯಿ ಹೋಗುವಂಥದ್ದಲ್ಲ. ಆದರೆ ಅದರ ಕೆಳಗಿನ ಒತ್ತು ಹಾಗೇ ಇದೆ, ಬೆರಳಿಗೆ ಸಿಗುತ್ತದೆ.

ಭಾನುವಾರ ಚಿತ್ರದ ಹಾಳೆಯನ್ನೂ ಈ ಪತ್ರವನ್ನೂ ತೆಗೆದುಕೊಂಡು ಬಾಗಲೂರಿಗೆ ಬರುತ್ತೇನೆ. ನಿಮ್ಮ ಮಗಳ ಎದುರಿಗೇ ಓದಿ ಹೇಳುತ್ತೇನೆ. ಕೇಳಿದ ಮೇಲೆ ನೀವು "ಇದು ನಿಜ ತಾನೆ?" ಎಂದು ಕೇಳುತ್ತೀರಿ — ಅಂದು ಇಲ್ಲ ಎಂದವನನ್ನೇ ಕೇಳಬೇಕಾಗುತ್ತದೆ ನೀವು.