ಅಪ್ಪನ ಕೈಗೆ ಸಿಕ್ಕ ಬಂಬ

ಕಬ್ಬೂರಿನಲ್ಲಿ ಲಗಮಣ್ಣನ ಕೈಗೆ ಸಿಗದೆ ಉಳಿದ ಯಂತ್ರವೆಂದರೆ ಆಕಾಶದಲ್ಲಿ ಹಾರಿಹೋಗುವ ವಿಮಾನ ಒಂದೇ. ಪಂಪಿನ ಇಂಜಿನ್ನು, ಸೈಕಲ್ಲು, ಪಕ್ಕದ ಮನೆಯ ಹೊಲಿಗೆ ಮಷಿನ್ನು ಎಲ್ಲವನ್ನೂ ಬಿಚ್ಚಿದ್ದಾನೆ. ಅರ್ಧಕ್ಕರ್ಧ ಸರಿಯೂ ಆಗಿವೆ. ಉಳಿದರ್ಧದ ಮಾತು ತೆಗೆದರೆ ಸಿಟ್ಟು ಮೂಗಿನ ತುದಿಗೇ ಬರುತ್ತದೆ. ಈ ಲಗಮಣ್ಣ ನನ್ನಪ್ಪ. ಹೆತ್ತ ತಂದೆಯನ್ನು ಹೀಗೆ ಆಡಿಕೊಳ್ಳಬಾರದು, ಗೊತ್ತು. ಆದರೆ ಎಂಬತ್ತಾರರ ಚಳಿಗಾಲದಲ್ಲಿ ಆ ಮನೆಯಲ್ಲಿ ಬಾಣಂತಿಯಾಗಿ ಮಲಗಿದವಳು ನಾನು, ನೀವಲ್ಲ.

ಬಾಣಂತಿಗೂ ಕೂಸಿಗೂ ದಿನಾ ಬಿಸಿನೀರು ಬೇಕು. ನೀರು ಕಾಯುವುದು ಬಚ್ಚಲಿನ ತಾಮ್ರದ ಬಂಬದಲ್ಲಿ. ನಡುವೆ ಒಂದು ಕೊಳವೆ, ಅದರೊಳಗೆ ಬೆಂಕಿ, ಸುತ್ತ ನೀರು, ಕೆಳಗೆ ನಲ್ಲಿ. ಅವ್ವನ ಮದುವೆಯಲ್ಲಿ ಸದಲಗಾದ ಅವಳ ತವರಿನವರು ಕೊಟ್ಟದ್ದು. ಮೈಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆಸಿದ ಹೆಸರು: ಸೌ. ಗಿರಿಜವ್ವ.

ಮೊದಲು ಹೊಗೆ ಶುರುವಾಯಿತು. ಅಪ್ಪ ಕೊಳವೆಯಲ್ಲಿ ಕೋಲಾಡಿಸಿ ಬುಟ್ಟಿಗಟ್ಟಲೆ ಮಸಿ ಕೆಡವಿದ. ಕಬ್ಬಿನ ಗರಿಯ ಹಸಿ ರವದಿ ಉರಿಸಿದ್ದಕ್ಕೆ ನಮ್ಮನ್ನೇ ಬೈದ. ಹೊಗೆ ನಿಂತಿತು. ಆಮೇಲೆ ನಲ್ಲಿ ಕಟ್ಟಿತು. ನಮ್ಮ ಬಾವಿಯ ಸವಳು ನೀರಿಗೆ ಒಳಗೆಲ್ಲ ಬಿಳಿ ಹಕ್ಕಳೆ. ನಲ್ಲಿ ಬಿಚ್ಚಿ ಹುಣಸೆಹುಳಿಯಲ್ಲಿ ನೆನೆಹಾಕಿ ತಿಕ್ಕಿದ. ಅದೂ ಸರಿಹೋಯಿತು. ಇನ್ನು ಅವನನ್ನು ಹಿಡಿಯುವವರಿಲ್ಲ.

ಮೂರನೆಯದು ಬೇರೆಯೇ ಕಾಯಿಲೆ. ಬೆಂಕಿ ಹಚ್ಚಿದರೆ ಒಳಗೆ ಚುಂಯ್ ಎನ್ನುತ್ತಿತ್ತು, ಬೂದಿ ಒದ್ದೆಯಾಗುತ್ತಿತ್ತು, ಉರಿ ತಾನಾಗಿ ಆರುತ್ತಿತ್ತು. ಕೊಳವೆಗೇ ತೂತು ಬಿದ್ದಿದೆ ಎನ್ನಲು ಪಂಡಿತ ಬೇಕಿರಲಿಲ್ಲ.

"ಅಪ್ಪಾ, ಇದು ಬೆಸುಗಿ ಕೆಲಸ. ನಿಪ್ಪಾಣ್ಯಾಗ ತಾಮ್ರದ ಕೆಲಸ ಮಾಡೋ ಕಾಮಣ್ಣ ಅದಾನಲ್ಲ, ಅವಗ ಒಯ್ದು ಕೊಡು" ಎಂದೆ.

"ಯಾರ ಕೈಯಾಗೂ ಕೊಡಂಗಿಲ್ಲ. ನಿಮ್ಮ ಅತ್ತಿ ತಾರಾಬಾಯಿ ತನ್ನ ಬಂಬ ಯಾರಿಗೋ ದುರಸ್ತಿಗಿ ಕೊಟ್ಟಳು. ಹಳೇ ತಾಮ್ರ ಇಟಗೊಂಡು ಹಗುರಾನ ಬ್ಯಾರೇ ಬಂಬ ಕಳಿಸ್ಯಾರ. ಇದರ ಮ್ಯಾಲ ನಿಮ್ಮವ್ವನ ಹೆಸರೈತಿ ಬೇ!"

ಎಂದವನೇ ಬೆಲ್ಲ, ಸುಣ್ಣ ಕುಟ್ಟಿ ಕಲಸಿ ತೂತಿಗೆ ಮೆತ್ತಿದ. ದನ ನೀರು ಕುಡಿಯುವ ಕಲ್ಲಿನ ಡೋಣಿ ಬಿರುಕು ಬಿಟ್ಟರೆ ಊರವರು ಮೆತ್ತುವುದು ಅದನ್ನೇ. ಡೋಣಿಗೆ ಯಾರೂ ಬೆಂಕಿ ಹಚ್ಚುವುದಿಲ್ಲ ಎಂಬುದು ಮಾತ್ರ ಅವನ ತಲೆಗೆ ಹೊಳೆಯಲಿಲ್ಲ. ಎರಡು ದಿನ ತಡೆಯಿತು. ಆಮೇಲೆ ಬೆಲ್ಲ ಕರಗಿ ಬೂದಿಗಿಳಿಯಿತು, ಅದರ ಬೆನ್ನಿಗೆ ಇರುವೆ. ಬಚ್ಚಲಿನಿಂದ ಹೊರಟ ಸಾಲು ನಡುಮನೆ ದಾಟಿ ತೊಟ್ಟಿಲ ಹಗ್ಗ ಹತ್ತಿತು. ಕೂಸಿನ ತೊಡೆ ಕೆಂಪಗೆ ಬಾತದ್ದು ಕಂಡು ನಾನು ಅಳುತ್ತಲೇ ಕೂಗಾಡಿದೆ. ಅಪ್ಪ ಇನ್ನಷ್ಟು ಸುಣ್ಣ ಕಲಸತೊಡಗಿದ!

ಮರುದಿನ ಉರಿ ನಡುವೆಯೇ ಆರಿತು. ಅವ್ವ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿಯಾಗಿತ್ತು. ನಲ್ಲಿಯಿಂದ ಹಿಡಿದು ಮೈಮೇಲೆ ಸುರಿದದ್ದು ತಣ್ಣೀರು. ಕೂಸು ನಡುಗಿತು, ತುಟಿ ನೀಲಿಗಟ್ಟಿತು. ಕಂಬಳಿ ಸುತ್ತಿ ಎದೆಗವಚಿಕೊಂಡು ಎಷ್ಟೋ ಹೊತ್ತಾದ ಮೇಲೆ ಅದಕ್ಕೆ ಅಳು ಬಂತು.

ಅವ್ವ ಅಪ್ಪನ ಮುಂದೆ ಬಂದು ನಿಂತಳು. "ಹೆಸರ ನಂದು. ಹೋದ್ರ ಹೋಗ್ಲಿ. ಈಗಿಂದೀಗ ನಿಪ್ಪಾಣಿಗಿ ಒಯ್ರಿ. ಇಲ್ಲಾಂದ್ರ ಈ ಬಂಬ ತಿಪ್ಪಿಗಿ ಒಗಿತೀನಿ."

ಅಪ್ಪ ಬಂಬ ಹೊತ್ತು ಬಸ್ಸು ಹತ್ತಿದ. ಮೇಲೆ ಹಾಕೆಂದು ಕಂಡಕ್ಟರ್ ಎಷ್ಟು ಹೇಳಿದರೂ ಕೇಳದೆ ಕಾಲ ಸಂದಿಯಲ್ಲೇ ಇಟ್ಟುಕೊಂಡು ಕೂತನಂತೆ. ಕಾಮಣ್ಣ ನೋಡಿ ನಕ್ಕನಂತೆ. "ಒಳಗಿನ ಕೊಳವಿ ಅಷ್ಟ ಬದಲ ಮಾಡೂದೈತ್ರಿ. ಹೊರಗಿನ ಮೈಗಿ ಏನೂ ಆಗಂಗಿಲ್ಲ. ಊಟಾ ಮಾಡಿ ಬರ್ರಿ."

ಇಷ್ಟಕ್ಕೋಸ್ಕರ ನಾವು ಪಟ್ಟ ಪಾಡು! ಆದರೂ ಅಪ್ಪ ಏಳಲಿಲ್ಲ. ಹೆಸರಿನ ಮೇಲೆ ಕಣ್ಣಿಟ್ಟು, ಚಹಾ ಸಹ ಕುಡಿಯದೆ, ಬೆಸುಗೆ ಮುಗಿಯುವವರೆಗೆ ಕೂತೇ ಇದ್ದ. ಸಂಜೆ ಮನೆಗೆ ಬಂದು ಅದನ್ನೇ ದೊಡ್ಡ ಪರಾಕ್ರಮದಂತೆ ಹೇಳಿದ. "ಇಡೀ ದಿನ ಇದರ ಮಗ್ಗಲಾ ಬಿಟ್ಟ ಎದ್ದಿಲ್ಲ ನೋಡು."

ಅವ್ವ ಕೂಸಿನ ನೆತ್ತಿಗೆ ಕುಲಾಯಿ ಕಟ್ಟುತ್ತಿದ್ದಳು. ತಲೆ ಎತ್ತಲಿಲ್ಲ. "ನಾ ಜ್ವರಾ ಬಂದು ಹಾಸಿಗಿ ಹಿಡದಾಗ ನನ್ನ ಮಗ್ಗಲಾ ಒಂದ ಗಳಿಗಿ ಕುಂತಿರ್ಲಿಲ್ಲ ನೀವು. ಇಂಜಿನ್ನ ಬಿಚ್ಚಾಕ ಹೋಗಿದ್ರಿ."

ಅಪ್ಪ ಕೊಡ ತೆಗೆದುಕೊಂಡು ಬಾವಿಗೆ ಹೋದ. ಬಂಬ ತುಂಬಿ, ಸೆಗಣಿಯ ಒಣ ಕುಳ್ಳು ಹಾಕಿ ಬೆಂಕಿ ಹಚ್ಚಿ, ಬಚ್ಚಲ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತ. ನೀರು ಕಾದ ಮೇಲೆ ಅವ್ವನನ್ನು ಕರೆದ.

"ಬಾ, ಇವತ್ತ ಮೊದಲ ನೀನ ಜಳಕಾ ಮಾಡು."